‘ಬ್ಲ್ಯಾಕ್‌ಸ್ಟಾರ್’: ಕೊನೆಯದಾಗುವ ಮುಂಚಿನ ಎರಡು ದಿನ

ಡೇವಿಡ್ ಬೋವಿಯ ‘ಬ್ಲ್ಯಾಕ್‌ಸ್ಟಾರ್’ ಆಲ್ಬಮ್ ಬಿಡುಗಡೆಯಾದದ್ದು 2016ರ ಜನವರಿ 8, ಶುಕ್ರವಾರ. ಅಂದು ಅವನಿಗೆ 69 ತುಂಬಿತು. ಅವನು ತೀರಿಕೊಂಡದ್ದು ಜನವರಿ 10, ಭಾನುವಾರ. ನಡುವೆ ಇದ್ದದ್ದು ಎರಡೇ ದಿನ. ಆ ಎರಡು ದಿನ ಅದು ಬೋವಿಯ ‘ಕೊನೆಯ ಆಲ್ಬಮ್’ ಆಗಿರಲಿಲ್ಲ, ‘ಹೊಸ ಆಲ್ಬಮ್’ ಆಗಿತ್ತು. ಅಭಿಮಾನಿಗಳು ಅದರ ಬಗ್ಗೆ ಜಗಳವಾಡುತ್ತಿದ್ದರು. ಇಷ್ಟು ಕತ್ತಲೆ ಯಾಕೆ, ಈ ಜಾಝ್ ಯಾಕೆ, ಇದು ಯಾರ ಕುರಿತ ಹಾಡು, ಮುಂದೆ ಇವನು ಯಾವ ವೇಷ ಹಾಕಬಹುದು ಎಂದು. ಸೋಮವಾರ ಸುದ್ದಿ ಬಂದಮೇಲೆ ಆ ಜಗಳ ನಿಂತೇಹೋಯಿತು. ಎಲ್ಲ ಪ್ರಶ್ನೆಗಳಿಗೂ ಒಂದೇ ಉತ್ತರ ಸಿಕ್ಕಂತಾಯಿತು.

ನಾನು ಬರೆಯಹೊರಟಿರುವುದು ಆ ನಿಂತುಹೋದ ಜಗಳದ ಬಗ್ಗೆ. ಇತಿಹಾಸ ಓದುವವರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಇದೂ ಒಂದು: ಮುಂದೆ ಏನಾಯಿತೆಂದು ನಮಗೆ ಗೊತ್ತು, ಆ ಕಾಲದವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿರುವುದನ್ನು ಅವರ ತಲೆಯೊಳಗೆ ತುರುಕಬಾರದು. ಯುದ್ಧಗಳ ವಿಷಯದಲ್ಲಿ, ರಾಜಕೀಯದ ವಿಷಯದಲ್ಲಿ ಈ ಎಚ್ಚರ ನಮಗೆ ಇದ್ದೀತು. ಒಂದು ಕವಿತೆಯ, ಒಂದು ಹಾಡಿನ ವಿಷಯ ಬಂದಾಗ ಅದನ್ನು ಎಷ್ಟು ಸಲೀಸಾಗಿ ಮರೆತುಬಿಡುತ್ತೇವೆ!

ಬೋವಿಯ ಪರಿಚಯ ಇಲ್ಲದವರಿಗೆ ಎರಡು ಮಾತು. ಹುಟ್ಟಿದ್ದು 1947ರಲ್ಲಿ, ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ. ನಿಜವಾದ ಹೆಸರು ಡೇವಿಡ್ ಜೋನ್ಸ್. 1969ರಲ್ಲಿ ‘ಸ್ಪೇಸ್ ಆಡಿಟಿ’ ಹಾಡಿನಲ್ಲಿ ಮೇಜರ್ ಟಾಮ್ ಎಂಬ ಗಗನಯಾತ್ರಿಯನ್ನು ಬಾಹ್ಯಾಕಾಶದಲ್ಲಿ ಕಳೆದುಹಾಕಿ ಹೆಸರಾದ. ಅಲ್ಲಿಂದ ಮುಂದೆ ಅವನದು ವೇಷಗಳ ಬದುಕು. ನಮ್ಮ ಕಡೆಯ ಯಕ್ಷಗಾನ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವೇಷ ಬಣ್ಣದ ಚೌಕಿಯಿಂದ ಹೊರಬಂದಮೇಲೆ ಒಳಗಿರುವ ಮನುಷ್ಯ ಯಾರೆಂದು ಯಾರೂ ಕೇಳುವುದಿಲ್ಲ. ಬೋವಿಯ ಅಭಿಮಾನಿಗಳೂ ಹಾಗೆ ಕೇಳದಿರುವುದನ್ನು ಕಲಿತಿದ್ದರು.

ಕಲಿತದ್ದು ಪೆಟ್ಟು ತಿಂದು. 1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ ರಂಗಮಂದಿರದಲ್ಲಿ, ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಕೆಂಪುಗೂದಲಿನ ವೇಷದಲ್ಲಿದ್ದ ಬೋವಿ, ಇದೇ ನಮ್ಮ ಕೊನೆಯ ಪ್ರದರ್ಶನ ಎಂದು ವೇದಿಕೆಯಿಂದಲೇ ಘೋಷಿಸಿದ. ಕೇಳುಗರು ಅತ್ತರು. ಅವನ ಜೊತೆ ನುಡಿಸುತ್ತಿದ್ದ ಬಾಸ್ ವಾದಕನಿಗೂ ಡ್ರಮ್ಮರ್‌ಗೂ ಈ ವಿಷಯ ಮೊದಲು ತಿಳಿದಿರಲಿಲ್ಲ. ಕೊನೆಯಾದದ್ದು ಜಿಗ್ಗಿ, ಬೋವಿಯಲ್ಲ. ಮರುವರ್ಷ ಅವನು ಇನ್ನೊಂದು ಆಲ್ಬಮ್ ಹೊತ್ತು ಅಮೆರಿಕದಲ್ಲಿ ತಿರುಗುತ್ತಿದ್ದ. ಅಂದಿನಿಂದ ಅಭಿಮಾನಿಗಳಿಗೆ ಒಂದು ಪಾಠವಾಯಿತು. ಬೋವಿ ಸಾವಿನ ಬಗ್ಗೆ, ಅಂತ್ಯದ ಬಗ್ಗೆ ಏನು ಹೇಳಿದರೂ ಅದನ್ನು ಪಾತ್ರದ ಮಾತೆಂದು ಕೇಳಬೇಕು.

ಕತ್ತಲೆಯ ಕುರಿತ ಜಗಳವೂ ಹೊಸದಲ್ಲ. 1977ರ ಜನವರಿಯಲ್ಲಿ ಬಂದ ‘ಲೋ’ ಆಲ್ಬಮ್ಮಿನ ಎರಡನೆಯ ಮಗ್ಗುಲಿನ ಬಹುಪಾಲಿನಲ್ಲಿ ಪದಗಳೇ ಇರಲಿಲ್ಲ. ಸಿಂಥಸೈಜರ್‌ನ ಬೂದು ಬಣ್ಣದ ಸ್ವರಗಳು ಮಾತ್ರ. ವಿಮರ್ಶಕರು ಎರಡು ಬಣವಾದರು. 1983ರ ‘ಲೆಟ್ಸ್ ಡಾನ್ಸ್’ ಅವನನ್ನು ಜಗತ್ತಿನ ಎಲ್ಲ ಮೂಲೆಗಳಿಗೂ ತಲುಪಿಸಿತು. ಹಳೆಯ ಅಭಿಮಾನಿಗಳು ಆಗ ಇದು ಬರೀ ಬೆಳಕು ಎಂದು ಗೊಣಗಿದರು. 1995ರಲ್ಲಿ ಬ್ರಯಾನ್ ಈನೋ ಜೊತೆ ಸೇರಿ ಕೊಲೆಯ ಕತೆಯೊಂದನ್ನು ಹೆಣೆದ ‘ಔಟ್‌ಸೈಡ್’ ಬಂದಾಗ, ಜನಪ್ರಿಯ ಹಾಡುಗಳನ್ನು ಪಕ್ಕಕ್ಕಿಟ್ಟು ಹೊಸದನ್ನೇ ಹಾಡುತ್ತಿದ್ದ ಅವನನ್ನು ಬಿಟ್ಟು ಎದ್ದುಹೋದವರಿದ್ದರು. ಒಟ್ಟಿನಲ್ಲಿ ಬೋವಿಯ ಅಭಿಮಾನಿಯಾಗುವುದೆಂದರೆ ಪ್ರತಿ ಆಲ್ಬಮ್ಮಿಗೂ ಒಮ್ಮೆ ವಾದಕ್ಕೆ ಕೂರುವುದು. ಬೆಂಗಳೂರಿನ ಹಾಸ್ಟೆಲ್ ಕೋಣೆಗಳಲ್ಲಿ, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗಿ ಮಸುಕಾದ ದನಿಯಲ್ಲಿ ಅವನನ್ನು ಕೇಳುತ್ತಿದ್ದ ನಮ್ಮಂಥವರಿಗೂ ಈ ವಾದದಲ್ಲಿ ಸಣ್ಣ ಪಾಲಿತ್ತು. ನನ್ನ ಗೆಳೆಯನೊಬ್ಬ ‘ಲೋ’ ಪಕ್ಷ, ನಾನು ‘ಜಿಗ್ಗಿ’ ಪಕ್ಷ. ಮೂವತ್ತು ವರ್ಷವಾದರೂ ರಾಜಿ ಆಗಿಲ್ಲ.

2004ರ ಜೂನ್‌ನಲ್ಲಿ ಜರ್ಮನಿಯ ಒಂದು ಸಂಗೀತೋತ್ಸವದಲ್ಲಿ ಹಾಡಿದ ಮೇಲೆ ಬೋವಿ ಎದೆನೋವಿನಿಂದ ಕುಸಿದ. ಹೃದಯದ ರಕ್ತನಾಳ ಕಟ್ಟಿತ್ತು. ಚಿಕಿತ್ಸೆಯಾಯಿತು, ಪ್ರವಾಸ ಅಲ್ಲಿಗೇ ನಿಂತಿತು. ಮುಂದೆ ಬಹುಕಾಲ ಹೊಸ ಆಲ್ಬಮ್ ಇಲ್ಲ. ನಿವೃತ್ತನಾದ ಎಂದು ಎಲ್ಲರೂ ತೀರ್ಮಾನಿಸಿದರು. 2013ರ ಜನವರಿ 8ರಂದು, 66ನೆಯ ಹುಟ್ಟುಹಬ್ಬದ ಬೆಳಗ್ಗೆ, ಯಾವ ಮುನ್ಸೂಚನೆಯೂ ಇಲ್ಲದೆ ಹೊಸ ಹಾಡೊಂದು ಬಂತು. ಎರಡು ತಿಂಗಳಿಗೆ ‘ದ ನೆಕ್ಸ್ಟ್ ಡೇ’ ಆಲ್ಬಮ್. ಹತ್ತು ವರ್ಷ ಸುಮ್ಮನಿದ್ದು ಎದ್ದುಬಂದವನು ಇನ್ನು ಮುಂದೆ ಏನು ಬೇಕಾದರೂ ಮಾಡಬಲ್ಲ ಎಂಬ ನಂಬಿಕೆ ಅಭಿಮಾನಿಗಳಲ್ಲಿ ಹುಟ್ಟಿತು. ಸುಮಾರು ಮೂರು ವರ್ಷ ಬಿಟ್ಟು ‘ಬ್ಲ್ಯಾಕ್‌ಸ್ಟಾರ್’ ಬಂದಾಗ ಕೇಳುಗರ ಕಿವಿಯಲ್ಲಿ ಇದ್ದದ್ದು ಈ ನಂಬಿಕೆ.

ಆಲ್ಬಮ್ ತಯಾರಾದ ಬಗೆಯೂ ಆರಂಭದ ಕತೆಯಂತೆಯೇ ಇದೆ. 2014ರಲ್ಲಿ ಬೋವಿ ಜಾಝ್ ಸಂಯೋಜಕಿ ಮರಿಯಾ ಷ್ನೈಡರ್ ಅವರ ವಾದ್ಯವೃಂದದ ಜೊತೆ ‘ಸೂ’ ಎಂಬ ಹಾಡು ಮಾಡಿದ. ಅವರ ಸಲಹೆಯಂತೆ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿದ್ದ ‘55 ಬಾರ್’ ಎಂಬ ಪುಟ್ಟ ಜಾಗಕ್ಕೆ ಹೋಗಿ ಡಾನಿ ಮೆಕ್‌ಕ್ಯಾಸ್ಲಿನ್ ಎಂಬ ಸ್ಯಾಕ್ಸೋಫೋನ್ ವಾದಕನ ತಂಡವನ್ನು ಕೇಳಿದ. ಆ ತಂಡವನ್ನೇ ಪೂರ್ತಿಯಾಗಿ ತನ್ನ ಆಲ್ಬಮ್ಮಿಗೆ ಕರೆದ. 2015ರ ಆರಂಭದಲ್ಲಿ ನ್ಯೂಯಾರ್ಕಿನ ‘ಮ್ಯಾಜಿಕ್ ಶಾಪ್’ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಶುರುವಾಯಿತು. ನಿರ್ಮಾಪಕ ಅವನ ಹಳೆಯ ಒಡನಾಡಿ ಟೋನಿ ವಿಸ್ಕಾಂಟಿ. ಆ ದಿನಗಳಲ್ಲಿ ತಾವು ರ‍್ಯಾಪ್ ಕಲಾವಿದ ಕೆಂಡ್ರಿಕ್ ಲಮಾರ್‌ನನ್ನು ಕೇಳುತ್ತಿದ್ದೆವೆಂದೂ ರಾಕ್ ಅಂಡ್ ರೋಲ್‌ನಿಂದ ದೂರ ಸರಿಯುವುದೇ ಗುರಿಯಾಗಿತ್ತೆಂದೂ ವಿಸ್ಕಾಂಟಿ ಹೇಳಿಕೊಂಡಿದ್ದಾನೆ. 68ರ ವಯಸ್ಸಿನಲ್ಲಿ ತನ್ನ ಹಳೆಯ ಆಸ್ತಿಯನ್ನು ಬಿಟ್ಟು, ತನಗಿಂತ ಚಿಕ್ಕವರ ನಡುವೆ ಹೊಸದಾಗಿ ಕಲಿಯಲು ಕೂತ ಮನುಷ್ಯ ಅವನು.

ಅದೇ ಸ್ಟುಡಿಯೋದಲ್ಲಿ ಇನ್ನೊಂದು ಕತೆಯೂ ನಡೆಯುತ್ತಿತ್ತು. ಅದು ಹೊರಗಿನ ಯಾರಿಗೂ ಗೊತ್ತಿರಲಿಲ್ಲ. ಬೋವಿಗೆ ಕ್ಯಾನ್ಸರ್ ಆಗಿತ್ತು. ಕಿಮೋಥೆರಪಿ ಮುಗಿಸಿಕೊಂಡು ನೇರವಾಗಿ ಸ್ಟುಡಿಯೋಗೆ ಬಂದವನ ಹುಬ್ಬು ಕೂಡ ಉದುರಿಹೋಗಿದ್ದವೆಂದು ವಿಸ್ಕಾಂಟಿ ಆಮೇಲೆ ನೆನಪಿಸಿಕೊಂಡ. ಗೊತ್ತಿದ್ದ ಕೆಲವೇ ಜನ ಬಾಯಿ ಬಿಡಲಿಲ್ಲ.

ಈಗ ಜಗಳಕ್ಕೆ ಬರೋಣ. ಶೀರ್ಷಿಕೆಯ ಹಾಡು 2015ರ ನವೆಂಬರ್ 20ರಂದು ವಿಡಿಯೋ ಸಮೇತ ಬಂತು. ಹತ್ತು ನಿಮಿಷಕ್ಕೆ ಮೂರು ಸೆಕೆಂಡು ಕಡಿಮೆ ಉದ್ದದ ಹಾಡು. ಎರಡು ಬೇರೆ ಹಾಡುಗಳನ್ನು ನಡುವೆ ಬೆಸೆದ ಹಾಗೆ ಅದರ ಕಟ್ಟಡ. ಮೊದಲು ಯಾವುದೋ ಮತಾಚರಣೆಯ ಜಪದಂಥ ದನಿ, ನಡುವೆ ಇದ್ದಕ್ಕಿದ್ದಂತೆ ಮಧುರವಾದ ತಿರುವು, ಮತ್ತೆ ಜಪ. ಯೊಹಾನ್ ರೆಂಕ್ ನಿರ್ದೇಶಿಸಿದ ವಿಡಿಯೋದಲ್ಲಿ ಸತ್ತ ಗಗನಯಾತ್ರಿಯೊಬ್ಬನ ದಿರಿಸು, ಅದರೊಳಗೆ ರತ್ನಖಚಿತ ತಲೆಬುರುಡೆ. ಗದ್ದೆಯಲ್ಲಿ ಶಿಲುಬೆಗೇರಿದಂತೆ ನಿಂತು ನುಲಿಯುವ ಮೂರು ಬೆರ್ಚಪ್ಪಗಳು. ಕಣ್ಣಿಗೆ ಪಟ್ಟಿ ಕಟ್ಟಿ, ಪಟ್ಟಿಯ ಮೇಲೆ ಗುಂಡಿಗಳನ್ನು ಕಣ್ಣಾಗಿ ಇಟ್ಟುಕೊಂಡ ಬೋವಿ.

ಅಭಿಮಾನಿಗಳ ವಾದ ಅಂದೇ ಶುರುವಾಯಿತು. ಒಂದು ಪಕ್ಷದವರು ಹೇಳಿದರು: ಆ ಗಗನಯಾತ್ರಿ ಬೇರೆ ಯಾರೂ ಅಲ್ಲ, ಮೇಜರ್ ಟಾಮ್. 1969ರಲ್ಲಿ ಕಳೆದುಹೋದವನನ್ನು 1980ರ ‘ಆಶಸ್ ಟು ಆಶಸ್’ ಹಾಡಿನಲ್ಲಿ ಒಮ್ಮೆ ನೆನಪಿಸಿಕೊಂಡಿದ್ದ, ಈಗ ಸಂಸ್ಕಾರ ಮಾಡುತ್ತಿದ್ದಾನೆ. ಇನ್ನೊಂದು ಪಕ್ಷಕ್ಕೆ ಆಧಾರ ಸಿಕ್ಕಿದ್ದು ಮೆಕ್‌ಕ್ಯಾಸ್ಲಿನ್ ಬಾಯಿಂದ. ಆ ಹಾಡು ಐಸಿಸ್ ಉಗ್ರರ ಕುರಿತದ್ದೆಂದು ಬೋವಿಯೇ ತನಗೆ ಹೇಳಿದ್ದನೆಂದು ಅವನು ‘ರೋಲಿಂಗ್ ಸ್ಟೋನ್’ ಪತ್ರಿಕೆಗೆ ತಿಳಿಸಿದ. ನವೆಂಬರ್ 13ರ ಪ್ಯಾರಿಸ್ ದಾಳಿಗಳು ನಡೆದು ಇನ್ನೂ ಎರಡು ವಾರ ಕಳೆದಿರಲಿಲ್ಲ. ಜನ ಆ ಅರ್ಥವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆದರೆ ಅದೇ ಲೇಖನದಲ್ಲಿ ವಿಸ್ಕಾಂಟಿಯೂ ಡ್ರಮ್ಮರ್ ಮಾರ್ಕ್ ಜೂಲಿಯಾನಾನೂ ತಾವು ಅಂಥದ್ದನ್ನು ಕೇಳಿಯೇ ಇಲ್ಲವೆಂದರು. ಒಂದೇ ಕೋಣೆಯಲ್ಲಿ ಕೂತು ಒಂದೇ ಹಾಡು ನುಡಿಸಿದವರಿಗೆ ಅದು ಯಾವುದರ ಹಾಡೆಂಬ ಬಗ್ಗೆ ಒಮ್ಮತವಿರಲಿಲ್ಲ. ಇನ್ನು ಕೇಳುಗರ ಪಾಡೇನು?

ಮೂರನೆಯ ಪಕ್ಷಕ್ಕೆ ಅರ್ಥದ ಗೊಡವೆ ಬೇಡವಾಗಿತ್ತು. ಅವರ ತಕರಾರು ಸ್ಯಾಕ್ಸೋಫೋನಿನ ಬಗ್ಗೆ. ‘ಗರ್ಲ್ ಲವ್ಸ್ ಮಿ’ ಹಾಡಿನ ಭಾಷೆಯ ಬಗ್ಗೆ. ಅದರಲ್ಲಿ ಆಂಟನಿ ಬರ್ಜೆಸ್‌ನ ‘ಎ ಕ್ಲಾಕ್‌ವರ್ಕ್ ಆರೆಂಜ್’ ಕಾದಂಬರಿಗಾಗಿ ಕಟ್ಟಿದ ನುಡಿಯೂ, ಹಿಂದೆ ಲಂಡನ್ನಿನ ಸಲಿಂಗಪ್ರೇಮಿಗಳು ಗುಟ್ಟಾಗಿ ಆಡುತ್ತಿದ್ದ ‘ಪೊಲಾರಿ’ಯೂ ಬೆರೆತಿವೆ. ಇನ್ನೊಂದು ಹಾಡಿನ ಹೆಸರು ಹದಿನೇಳನೆಯ ಶತಮಾನದ ಜಾನ್ ಫೋರ್ಡ್ ನಾಟಕದಿಂದ ಬಂದದ್ದು. ಇಷ್ಟು ಓದಿಕೊಂಡು ಹಾಡು ಕೇಳಬೇಕೇ ಎಂದು ಕೆಲವರು, ಇದನ್ನು ಕೇಳಿ ಓದಲು ಹೋಗುವುದೇ ಸುಖವಲ್ಲವೇ ಎಂದು ಕೆಲವರು.

ಡಿಸೆಂಬರ್ 17ರಂದು ‘ಲ್ಯಾಜರಸ್’ ಹಾಡು ಬಂತು. ಸ್ವರ್ಗದಿಂದ ಯಾರೋ ಭೂಮಿಯತ್ತ ನೋಡಿ ಮಾತಾಡುವ ಹಾಡು. ಇಂದು ಅದನ್ನು ಕೇಳಿದವರಿಗೆ, ಇಷ್ಟು ಸ್ಪಷ್ಟವಾಗಿದ್ದದ್ದು ಅಂದು ಯಾಕೆ ಹೊಳೆಯಲಿಲ್ಲ ಎನ್ನಿಸುತ್ತದೆ. ಹೊಳೆಯದಿರಲು ಗಟ್ಟಿ ಕಾರಣವಿತ್ತು. ಅದೇ ಹೆಸರಿನ ಸಂಗೀತನಾಟಕವೊಂದು ಡಿಸೆಂಬರ್ 7ರಂದು ನ್ಯೂಯಾರ್ಕ್ ಥಿಯೇಟರ್ ವರ್ಕ್‌ಶಾಪ್‌ನಲ್ಲಿ ತೆರೆಕಂಡಿತ್ತು. ಬೋವಿ ಮತ್ತು ಎಂಡಾ ವಾಲ್ಷ್ ಸೇರಿ ಬರೆದದ್ದು. ಅದರ ನಾಯಕ ಥಾಮಸ್ ನ್ಯೂಟನ್, ವಾಲ್ಟರ್ ಟೆವಿಸ್‌ನ 1963ರ ಕಾದಂಬರಿಯಿಂದ ಬಂದವನು. ಬೇರೆ ಗ್ರಹದಿಂದ ಇಳಿದು ಬಂದು, ವಾಪಸು ಹೋಗಲಾಗದೆ, ಸಾಯಲೂ ಆಗದೆ ಇಲ್ಲೇ ಉಳಿದ ಜೀವಿ. 1976ರ ಸಿನಿಮಾದಲ್ಲಿ ಅವನ ಪಾತ್ರ ಮಾಡಿದ್ದು ಬೋವಿಯೇ. ಆ ಹಾಡನ್ನು ರಂಗದ ಮೇಲೆ ಮೈಕಲ್ ಸಿ. ಹಾಲ್ ನ್ಯೂಟನ್ನನಾಗಿ ಹಾಡುತ್ತಿದ್ದ. ಹಾಗಾಗಿ ಡಿಸೆಂಬರಿನಲ್ಲಿ ಆ ಹಾಡಿಗೆ ಒಬ್ಬ ಒಡೆಯನಿದ್ದ. ಅವನು ನ್ಯೂಟನ್. ಆ ಮಾತುಗಳನ್ನು ಪಾತ್ರದ ಬಾಯಲ್ಲಿ ಇಟ್ಟು ಕೇಳಿದವರು ಸರಿಯಾಗಿಯೇ ಕೇಳಿದ್ದರು.

ಜನವರಿ 8ರ ಆಸುಪಾಸಿನಲ್ಲಿ ಬಂದ ವಿಮರ್ಶೆಗಳಲ್ಲಿ ನಾನು ಓದಿದವುಗಳೆಲ್ಲ ಬಹುಪಾಲು ಒಂದೇ ದಾರಿಯವು. ಹೊಸ ತಂಡದ ಹುರುಪು, ಜಾಝ್, ವಿಚಿತ್ರ ಮಾತುಗಳು, ಈ ವಯಸ್ಸಿನಲ್ಲೂ ಇಂಥ ಸಾಹಸ. ಕತ್ತಲೆಯನ್ನು ಎಲ್ಲರೂ ಗುರುತಿಸಿದರು. ಆ ಕತ್ತಲೆಯನ್ನು ಮುಪ್ಪು, ಭಯೋತ್ಪಾದನೆ, ಖ್ಯಾತಿ, ದೇವರು ಹೀಗೆ ಹಲವು ಕಡೆ ಇಟ್ಟು ನೋಡಿದರು. ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ನಾವು ನಾಲ್ವರು ಆ 41 ನಿಮಿಷವನ್ನು ಎರಡು ಸಲ ಕೇಳಿದೆವು. ‘ಲೋ’ ಪಕ್ಷದ ಗೆಳೆಯನಿಗೆ ಸಂಭ್ರಮ. ಇನ್ನೊಬ್ಬನಿಗೆ ಇದು ತಲೆನೋವು. ನಾನು ಕೊನೆಯ ಹಾಡಿನಲ್ಲಿ ಒಂದು ಮೌತ್ ಆರ್ಗನ್ ದನಿ ಕೇಳಿ, ಇದನ್ನು ಎಲ್ಲೋ ಕೇಳಿದ್ದೇನೆ ಎಂದೆ. ಮುಂದಿನ ಆಲ್ಬಮ್ ಈ ಜಾಝ್ ತಂಡದ ಜೊತೆಯೇ ಇರುತ್ತದೋ ಇಲ್ಲವೋ ಎಂಬ ಬಗ್ಗೆ ಬಹಳ ಹೊತ್ತು ಮಾತು ನಡೆಯಿತು.

ಸೋಮವಾರ ಇಲ್ಲಿ ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. 18 ತಿಂಗಳು ಕ್ಯಾನ್ಸರ್ ಜೊತೆ ಹೋರಾಡಿ ತೀರಿಕೊಂಡ ಎಂದು ಅವನ ಕಡೆಯಿಂದಲೇ ಪ್ರಕಟಣೆ. ಮೊದಲು ಯಾರೂ ನಂಬಲಿಲ್ಲ. ಮಗ ಡಂಕನ್ ಜೋನ್ಸ್ ನಿಜವೆಂದ ಮೇಲೆ ನಂಬಿದರು.

ಅಂದು ಸಂಜೆ ಎಲ್ಲರೂ ಮತ್ತೆ ಆಲ್ಬಮ್ ಹಾಕಿದರು. ಈಗ ಅದು ಬೇರೆಯದೇ ಆಲ್ಬಮ್. ನ್ಯೂಟನ್ ಮಾಯವಾಗಿದ್ದ. ಸ್ವರ್ಗದಿಂದ ಮಾತಾಡುತ್ತಿದ್ದವನು ಈಗ ಬೋವಿಯೇ. ‘ಲ್ಯಾಜರಸ್’ ವಿಡಿಯೋ ಬಂದದ್ದು ಬಿಡುಗಡೆಯ ಹಿಂದಿನ ದಿನ. ಅದರಲ್ಲಿ ಹಾಸಿಗೆಯ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವನು ಈಗ ರೋಗಿ. ಕೊನೆಗೆ ಅವನು ಹಿಂದೆ ಹಿಂದೆ ನಡೆದು ಹೋಗಿ ಬಾಗಿಲು ಎಳೆದುಕೊಳ್ಳುವ ಮರದ ಬೀರು ಈಗ ಶವಪೆಟ್ಟಿಗೆ. ಐಸಿಸ್ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಸ್ಯಾಕ್ಸೋಫೋನು ಇಷ್ಟವಾಗದಿದ್ದವರು ಸುಮ್ಮನಾದರು. ಸತ್ತವರ ಮನೆಯಲ್ಲಿ ಅಡುಗೆಗೆ ಉಪ್ಪು ಕಡಿಮೆಯಾಯಿತೆಂದು ಯಾರು ಹೇಳುತ್ತಾರೆ?

ವಿಸ್ಕಾಂಟಿ ಆ ದಿನವೇ ಬರೆದ ಶೋಕದ ಮಾತು ಈ ಹೊಸ ಆಲಿಕೆಗೆ ಮುದ್ರೆ ಒತ್ತಿತು. ಬೋವಿಯ ಸಾವು ಅವನ ಬದುಕಿನಂತೆಯೇ ಒಂದು ಕಲಾಕೃತಿ, ಈ ಆಲ್ಬಮ್ ಅವನು ನಮಗೆ ಬಿಟ್ಟುಹೋದ ಬೀಳ್ಕೊಡುಗೆ, ಹೀಗಾಗುವುದೆಂದು ತನಗೆ ಒಂದು ವರ್ಷದಿಂದ ತಿಳಿದಿತ್ತು ಎಂಬ ಅರ್ಥದ ಮಾತುಗಳು. ಆಮೇಲೆ ಸುಳಿವುಗಳ ಬೇಟೆ. ‘ಬ್ಲ್ಯಾಕ್ ಸ್ಟಾರ್’ ಹೆಸರಿನಲ್ಲೇ ಸಾವಿನ ಕುರಿತು ಎಲ್ವಿಸ್ ಪ್ರೀಸ್ಲಿಯ ಹಳೆಯ ಹಾಡೊಂದಿದೆ. ಎಲ್ವಿಸ್ ಹುಟ್ಟಿದ್ದೂ ಜನವರಿ 8ರಂದೇ. ವೈದ್ಯಕೀಯ ಪುಸ್ತಕಗಳಲ್ಲಿ ಆ ಹೆಸರಿನ ಗಾಯವನ್ನು ಹುಡುಕಿದವರಿದ್ದರು. ಜೊನಾಥನ್ ಬಾರ್ನ್‌ಬ್ರೂಕ್ ವಿನ್ಯಾಸ ಮಾಡಿದ ಎಲ್‌ಪಿ ಕವರನ್ನು ಬಿಸಿಲಿಗೆ ಹಿಡಿದರೆ ಕಪ್ಪು ಕಾಗದದ ಮೇಲೆ ನಕ್ಷತ್ರಗಳ ರಾಶಿ ಮೂಡುತ್ತದೆಂದು ಆ ವರ್ಷದ ಮೇ ತಿಂಗಳಲ್ಲಿ ಬೆಳಕಿಗೆ ಬಂತು. ಅದು ನಿಜವಾಗಿಯೂ ಇತ್ತು. ಇತರ ಎಷ್ಟೋ ಸುಳಿವುಗಳು ಹುಡುಕಿದವರ ಆಸೆಯಲ್ಲಿದ್ದವು. ಅಮೆರಿಕದಲ್ಲಿ ಮೊದಲ ವಾರ 1,81,000 ಪ್ರತಿಗಳ ಲೆಕ್ಕದಲ್ಲಿ ಆಲ್ಬಮ್ ಪಟ್ಟಿಯ ತುದಿಗೇರಿತು. ಅಲ್ಲಿ ಬೋವಿಗೆ ಅದು ಮೊತ್ತಮೊದಲ ನಂಬರ್ ಒನ್. ಮರುವರ್ಷ ಐದು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ರಾಕ್‌ನಿಂದ ದೂರ ಸರಿಯಲು ಹೊರಟಿದ್ದ ಆಲ್ಬಮ್ಮಿನ ಶೀರ್ಷಿಕೆ ಹಾಡಿಗೆ ‘ಅತ್ಯುತ್ತಮ ರಾಕ್ ಹಾಡು’ ಪ್ರಶಸ್ತಿಯೂ ಬಂತು.

ಹೀಗೆ ಒಂದು ಕತೆ ಸಿದ್ಧವಾಯಿತು: ಮಹಾಕಲಾವಿದನೊಬ್ಬ ತನ್ನ ಸಾವನ್ನು ತಾನೇ ಬರೆದು, ನಿರ್ದೇಶಿಸಿ, ದಿನಾಂಕ ಗೊತ್ತುಮಾಡಿ ಹೋದ. ಸುಂದರವಾದ ಕತೆ. ದಾಖಲೆಗಳು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ.

ಮೊದಲ ದಾಖಲೆ ರೆಂಕ್‌ನದು. 2017ರ ಜನವರಿಯಲ್ಲಿ ಪ್ರಸಾರವಾದ ಬಿಬಿಸಿ ಸಾಕ್ಷ್ಯಚಿತ್ರದಲ್ಲಿ ಅವನು ಹೇಳಿದ ಪ್ರಕಾರ, ಹಾಸಿಗೆಯ ಮೇಲೆ ಮಲಗಿಸುವ ಕಲ್ಪನೆ ಅವನದೇ. ಬೈಬಲ್ಲಿನ ಲಾಜರನ ಕತೆಯಿಂದ ಹೊಳೆದದ್ದು. ಅದಕ್ಕೂ ಕಾಯಿಲೆಗೂ ಸಂಬಂಧವಿರಲಿಲ್ಲ. ಚಿಕಿತ್ಸೆ ಇನ್ನು ಫಲಿಸದು ಎಂದು ಬೋವಿಗೆ ತಿಳಿದದ್ದು ಆ ವಿಡಿಯೋ ಚಿತ್ರೀಕರಣ ನಡೆದ ವಾರದಲ್ಲಿ. ಅಂದರೆ 2015ರ ನವೆಂಬರಿನಲ್ಲಿ. ಹಾಡುಗಳ ಧ್ವನಿಮುದ್ರಣ ಮುಗಿದು ಆಗಲೇ ತಿಂಗಳುಗಳಾಗಿದ್ದವು.

ಎರಡನೆಯದು ‘ಬೀಳ್ಕೊಡುಗೆ’ ಎಂದ ಅದೇ ವಿಸ್ಕಾಂಟಿಯ ಮಾತು. ಬೋವಿ ಸತ್ತ ಕೆಲವೇ ದಿನಗಳಲ್ಲಿ ‘ರೋಲಿಂಗ್ ಸ್ಟೋನ್’ ಜೊತೆ ಮಾತಾಡುತ್ತಾ ಅವನು ಹೇಳಿದ: 2015ರ ಮಧ್ಯದಲ್ಲಿ ಕಾಯಿಲೆ ಹಿಮ್ಮೆಟ್ಟಿತ್ತು, ಬೋವಿ ಉತ್ಸಾಹದಲ್ಲಿದ್ದ. ಸಾಯುವ ಸುಮಾರು ಒಂದು ವಾರ ಮೊದಲು ಕರೆ ಮಾಡಿ, ಇನ್ನೊಂದು ಆಲ್ಬಮ್ ಮಾಡೋಣ ಎಂದ. ಐದು ಹೊಸ ಹಾಡುಗಳ ಕರಡನ್ನು ಮನೆಯಲ್ಲೇ ಮುದ್ರಿಸಿಕೊಂಡಿದ್ದ. ಇನ್ನೂ ಕೆಲವು ತಿಂಗಳಾದರೂ ಇದೆ ಎಂದುಕೊಂಡಿದ್ದನೆಂದು ವಿಸ್ಕಾಂಟಿಗೆ ಅನ್ನಿಸಿತ್ತು. ಅದೇ ಸಂದರ್ಶನದಲ್ಲಿ ಇನ್ನೊಂದು ನೆನಪೂ ಇದೆ. ಸ್ಟುಡಿಯೋದಲ್ಲಿ ಸಾಹಿತ್ಯ ಕೇಳಿದ ವಿಸ್ಕಾಂಟಿ, ನೀನು ವಿದಾಯದ ಆಲ್ಬಮ್ ಬರೆಯುತ್ತಿದ್ದೀಯಾ ಎಂದು ಛೇಡಿಸಿದ. ಬೋವಿ ನಕ್ಕ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆ ನಗುವನ್ನು ಎರಡೂ ಪಕ್ಷದವರು ತಮ್ಮ ಕಡೆಯ ಸಾಕ್ಷಿಯಾಗಿ ಕರೆಯಬಹುದು.

ಮೂರನೆಯದು ಒಂದು ಶೀರ್ಷಿಕೆ. ಅದೇ ಧ್ವನಿಮುದ್ರಣದ ಕಾಲದ, ಆಲ್ಬಮ್ಮಿನಲ್ಲಿ ಸೇರದೆ ಉಳಿದಿದ್ದ ಹಾಡುಗಳು 2017ರ ಜನವರಿ 8ರಂದು ಪುಟ್ಟ ಸಂಕಲನವಾಗಿ ಬಂದವು. ಅದರ ಹೆಸರು ‘ನೋ ಪ್ಲಾನ್’, ಯೋಜನೆಯೇನೂ ಇಲ್ಲ!

ಇಷ್ಟು ಹೇಳಿದ್ದು ಸಾವಿನ ಓದು ಸುಳ್ಳೆಂದು ಸಾಧಿಸಲು ಅಲ್ಲ. ತನ್ನ ದೇಹದಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿದ್ದ ಮನುಷ್ಯ ಬರೆದ ಹಾಡುಗಳಲ್ಲಿ ಸಾವು ಇಲ್ಲದೆ ಇರಲು ಸಾಧ್ಯವಿಲ್ಲ. ಬಾರ್ನ್‌ಬ್ರೂಕ್ ಕೂಡ ತನ್ನ ಕಪ್ಪು ನಕ್ಷತ್ರವನ್ನು ವಿವರಿಸುವಾಗ ಮರಣವನ್ನು ಎದುರಿಸುತ್ತಿದ್ದ ಮನುಷ್ಯನ ಮಾತೆತ್ತಿದ್ದಾನೆ. ನನ್ನ ತಕರಾರು ಇರುವುದು ‘ಅವನಿಗೆ ಎಲ್ಲ ಗೊತ್ತಿತ್ತು’ ಎಂಬ ಮಾತಿನ ಬಗ್ಗೆ.

ಆ ಮಾತನ್ನು ನಾನು ಮಲೆನಾಡಿನ ನಮ್ಮ ಮನೆಯಲ್ಲೂ ಕೇಳಿದ್ದೇನೆ. ನನ್ನ ಸೋದರಮಾವ ಒಂದು ವರ್ಷ ಕಾಯಿಲೆಯಲ್ಲಿದ್ದು ಬೇಸಿಗೆಯಲ್ಲಿ ತೀರಿಕೊಂಡರು. ಹೋಗುವ ನಾಲ್ಕು ದಿನ ಮೊದಲು ತೋಟಕ್ಕೆಲ್ಲ ಒಂದು ಸುತ್ತು ಹಾಕಿ ಬಂದಿದ್ದರು. ಹದಿಮೂರನೆಯ ದಿನದ ಊಟಕ್ಕೆ ಬಂದವರಿಗೆಲ್ಲ ಅತ್ತೆ ಹೇಳುತ್ತಿದ್ದರು: “ಗೊತ್ತಿತ್ತು ಅವರಿಗೆ. ಅದಕ್ಕೇ ತೋಟ ನೋಡಿ ಬಂದರು.” ಅತ್ತೆಗೆ ಆ ಮಾತು ಬೇಕಾಗಿತ್ತು. ಹೇಳದೆ ಹೋದರು ಎಂಬುದಕ್ಕಿಂತ ಹೇಳಿಯೇ ಹೋದರು ಎಂಬುದು ತಡೆದುಕೊಳ್ಳಬಹುದಾದ ದುಃಖ. ಆದರೆ ಹಿತ್ತಲಿನ ನೆರಳಿನಲ್ಲಿ, ಮಳೆ ಬಿದ್ದಮೇಲೆ ನೆಡಲೆಂದು ಮಾವ ತರಿಸಿದ್ದ ಅಡಿಕೆ ಸಸಿಗಳು ಚೀಲಗಳಲ್ಲಿ ಸಾಲಾಗಿ ನಿಂತಿದ್ದವು. ಅಡಿಕೆ ಫಸಲಿಗೆ ಬರಲು ಐದಾರು ವರ್ಷವಾದರೂ ಬೇಕು. ತೋಟ ಸುತ್ತಿ ಬಂದವರೂ ಸಸಿ ತರಿಸಿದವರೂ ಒಬ್ಬರೇ. ‘ಗೊತ್ತಿತ್ತು’ ಎಂದು ಷರಾ ಬರೆದುಬಿಟ್ಟರೆ ಆ ಸಸಿಗಳ ಲೆಕ್ಕ ಎಲ್ಲಿ ಇಡುವುದು? ಬೋವಿಯ ಐದು ಕರಡು ಹಾಡುಗಳ ಬಗ್ಗೆ ಓದಿದಾಗ ನನಗೆ ಆ ಚೀಲಗಳು ನೆನಪಾದವು. ಕಾಯಿಲೆಯವನೆಂದರೆ ಬರೀ ಸಾಯುತ್ತಿರುವವನಲ್ಲ. ಅವನು ಸಾಯುವವರೆಗೂ ಬದುಕುತ್ತಿರುತ್ತಾನೆ. ಅವನ ಸಾವನ್ನು ಅವನದೇ ರಚನೆಯಾಗಿಸುವ ಗೌರವದಲ್ಲಿ, ಅವನಿಗೆ ಇನ್ನೂ ಬೇಕಾಗಿದ್ದ ನಾಳೆಯನ್ನು ನಾವು ಕಸಿದುಕೊಳ್ಳುತ್ತೇವೆ.

ರಾಕ್ ಸಂಗೀತದ ಇತಿಹಾಸದಲ್ಲಿ ಇಂಥ ಸಂದರ್ಭಗಳು ಹಿಂದೆಯೂ ಇದ್ದವು. ಕೇಳುಗರಿಗೆ ಯಾವಾಗ ಏನು ಗೊತ್ತಿತ್ತು ಎಂಬುದರ ಮೇಲೆ ಅವುಗಳ ಅರ್ಥ ನಿಂತಿದೆ. ಬಾಲ್ಯದಲ್ಲಿ ಮಹಾರಾಷ್ಟ್ರದ ಪಂಚಗಣಿಯಲ್ಲಿ ಓದಿದ ಪಾರ್ಸಿ ಹುಡುಗ ಫ್ರೆಡ್ಡಿ ಮರ್ಕ್ಯುರಿ, ಕ್ವೀನ್ ತಂಡದ ‘ಇನ್ಯುಯೆಂಡೋ’ ಆಲ್ಬಮ್ ಬಂದ 1991ರ ಫೆಬ್ರವರಿಯಿಂದ ನವೆಂಬರ್ 23ರವರೆಗೆ ತನ್ನ ಏಡ್ಸ್ ಕಾಯಿಲೆಯನ್ನು ಬಹಿರಂಗಪಡಿಸಲಿಲ್ಲ. ಮಾರನೆಯ ದಿನ ತೀರಿಕೊಂಡ. ಒಂಬತ್ತು ತಿಂಗಳು ಜನ ಆ ಆಲ್ಬಮ್ಮನ್ನು ಊಹಾಪೋಹಗಳ ನಡುವೆ ಕೇಳಿದರು. ಅಮೆರಿಕದ ವಾರೆನ್ ಜೀವಾನ್‌ನದು ಇದಕ್ಕೆ ತದ್ವಿರುದ್ಧ. ತನಗೆ ಗುಣವಾಗದ ಕ್ಯಾನ್ಸರ್ ಇದೆಯೆಂದು 2002ರಲ್ಲೇ ಎಲ್ಲರಿಗೂ ಹೇಳಿ, ಆಮೇಲೆ ‘ದ ವಿಂಡ್’ ಆಲ್ಬಮ್ ಮಾಡಿದ. ಅದು ಬಂದ ಎರಡು ವಾರದೊಳಗೆ, 2003ರ ಸೆಪ್ಟೆಂಬರಿನಲ್ಲಿ ಹೋದ. ಅವನನ್ನು ಯಾರೂ ತಪ್ಪಾಗಿ ಕೇಳುವಂತಿರಲಿಲ್ಲ. ವಿದಾಯ ಎಂದು ಅವನೇ ಬರೆದುಕೊಟ್ಟಿದ್ದ. ಬೋವಿ ಹೋದ ವರ್ಷವೇ, 2016ರ ಅಕ್ಟೋಬರಿನಲ್ಲಿ, 82ರ ಲೆನರ್ಡ್ ಕೋಹೆನ್ ‘ಯು ವಾಂಟ್ ಇಟ್ ಡಾರ್ಕರ್’ ತಂದ. ಸಾಯಲು ಸಿದ್ಧನಿದ್ದೇನೆ ಎಂದು ಪತ್ರಿಕೆಯೊಂದಕ್ಕೆ ಹೇಳಿದ್ದ ಅವನು, ಅಭಿಮಾನಿಗಳು ಗಾಬರಿಯಾದದ್ದು ನೋಡಿ, ಅದು ಸ್ವಲ್ಪ ಅತಿಯಾಯಿತು, ನಾನು ಶಾಶ್ವತವಾಗಿ ಬದುಕುವ ಇರಾದೆಯಲ್ಲಿದ್ದೇನೆ ಎಂದು ನಗಿಸಿದ. ನವೆಂಬರ್ 7ರಂದು ತೀರಿಕೊಂಡ. ಅವನ ಯಾವ ಮಾತನ್ನು ನಂಬುವುದು? ಎರಡನ್ನೂ ನಂಬಬೇಕು ಎಂದು ನನಗನ್ನಿಸುತ್ತದೆ.

ಸಾಹಿತ್ಯ ಓದುವ ವಿದ್ಯಾರ್ಥಿಗಳಿಗೆ ಇದು ಪರಿಚಿತ ಪ್ರಶ್ನೆಯೇ. ಕೃತಿಯನ್ನು ಕೃತಿಕಾರನ ಬದುಕಿನಿಂದ ಬಿಡಿಸಿ ಓದಬೇಕೇ, ಬೆರೆಸಿ ಓದಬೇಕೇ? 1937ರಲ್ಲಿ ಪ್ರಕಟವಾದ, ಬೀಥೋವನ್‌ನ ಕೊನೆಗಾಲದ ಶೈಲಿಯ ಕುರಿತ ಪುಟ್ಟ ಪ್ರಬಂಧದಲ್ಲಿ ತತ್ವಜ್ಞಾನಿ ಅಡೋರ್ನೊ, ಕೊನೆಯ ಕೃತಿಗಳನ್ನು ಬರೀ ಜೀವನಚರಿತ್ರೆಯ ದಾಖಲೆಯಾಗಿ ಓದುವ ಚಾಳಿಯ ವಿರುದ್ಧ ಎಚ್ಚರಿಸಿದ್ದ. ನಮ್ಮ ಕಾವ್ಯಮೀಮಾಂಸೆಯ ಪಾಠದಲ್ಲೂ ಒಂದು ಉದಾಹರಣೆ ಬರುತ್ತದೆ. ಸೂರ್ಯ ಮುಳುಗಿದನೆಂದು ಒಬ್ಬ ಹೇಳಿದರೆ, ದನ ಕಾಯುವವನಿಗೆ ಅದು ಮನೆಗೆ ಮರಳುವ ಹೊತ್ತು, ಕಳ್ಳನಿಗೆ ಕೆಲಸದ ಹೊತ್ತು, ಕಾಯುತ್ತಿರುವ ಹೆಣ್ಣಿಗೆ ನಲ್ಲ ಬರುವ ಹೊತ್ತು. ಮಾತು ಒಂದೇ, ಕೇಳುವ ಕಾಲ ಮತ್ತು ಕಿವಿ ಬೇರೆ. ಧ್ವನಿ ಹುಟ್ಟುವುದೇ ಹಾಗೆ. ಶುಕ್ರವಾರದ ಕಿವಿಗೂ ಸೋಮವಾರದ ಕಿವಿಗೂ ‘ಬ್ಲ್ಯಾಕ್‌ಸ್ಟಾರ್’ ಬೇರೆ ಬೇರೆ ಅರ್ಥ ಕೊಟ್ಟಿತು. ಸೋಮವಾರದ್ದು ಬಂತೆಂದು ಶುಕ್ರವಾರದ್ದನ್ನು ಅಳಿಸಬೇಕಾಗಿಲ್ಲ. ಸೂರ್ಯ ಮುಳುಗ್ಗಿದ್ದು ಬರೀ ದನ ಕಾಯುವವನಿಗಾಗಿ ಅಲ್ಲ.

ನವೆಂಬರ್ 20ರಿಂದ ಜನವರಿ 10ರವರೆಗಿನ ಆ ಏಳು ವಾರಗಳ ವಾದವನ್ನು ಹಾಗಾಗಿಯೇ ನಾನು ಜೋಪಾನ ಮಾಡಬೇಕೆನ್ನುತ್ತೇನೆ. ಆ ಅಭಿಮಾನಿಗಳಿಗೆ ಕಡಿಮೆ ಗೊತ್ತಿತ್ತು, ನಿಜ. ಅದಕ್ಕೇ ಅವರು ಹೆಚ್ಚು ಕೇಳಿಸಿಕೊಂಡರು. ಬರ್ಜೆಸ್‌ನನ್ನು, ಜಾಝನ್ನು, ಟೆವಿಸ್‌ನ ನ್ಯೂಟನ್ನನನ್ನು, ಪ್ಯಾರಿಸ್ಸಿನ ದುಃಖವನ್ನು ಆ ಆಲ್ಬಮ್ಮಿನಲ್ಲಿ ಹುಡುಕಿದರು. ಕಿರಿಕಿರಿಯಾದಾಗ ಹಾಗೆಂದು ಹೇಳಿದರು. ಬೋವಿಯನ್ನು ಅವರು ನಡೆಸಿಕೊಂಡದ್ದು ಬದುಕಿರುವ, ತಪ್ಪು ಮಾಡಬಹುದಾದ, ನಾಳೆ ಇನ್ನೇನೋ ಮಾಡಲಿರುವ ಕಲಾವಿದನನ್ನಾಗಿ. ಆ ವಾರಗಳಲ್ಲಿ ಅವನೂ ತನ್ನನ್ನು ಹಾಗೆಯೇ ನಡೆಸಿಕೊಳ್ಳುತ್ತಿದ್ದ ಎಂಬುದಕ್ಕೆ ಆ ಐದು ಹಾಡುಗಳೇ ಸಾಕ್ಷಿ.

ಆಲ್ಬಮ್ಮಿನ ಕೊನೆಯ ಹಾಡು ‘ಐ ಕಾಂಟ್ ಗಿವ್ ಎವ್ರಿಥಿಂಗ್ ಅವೇ’. ಎಲ್ಲವನ್ನೂ ಬಿಟ್ಟುಕೊಡಲಾರೆ ಎಂಬ ಹೆಸರನ್ನು ಗುಟ್ಟು ಕಾಪಾಡಿದವನ ಮಾತೆಂದು ಇಂದು ಎಲ್ಲರೂ ಓದುತ್ತಾರೆ. ನಾನು ಹೇಳಿದ ಮೌತ್ ಆರ್ಗನ್ ಬರುವುದು ಅದರಲ್ಲಿ. ಅದು ನೆನಪಿಸುವುದು 1977ರ ‘ಲೋ’ ಆಲ್ಬಮ್ಮಿನ, ಪದಗಳೇ ಇಲ್ಲದ ಒಂದು ರಚನೆಯನ್ನು. ಬೋವಿ ಬರ್ಲಿನ್ನಿನಲ್ಲಿ ಹೊಸದಾಗಿ ಬದುಕು ಕಟ್ಟಿಕೊಳ್ಳುತ್ತಿದ್ದ ಕಾಲದ ಅದರ ಹೆಸರು ‘ಎ ನ್ಯೂ ಕರಿಯರ್ ಇನ್ ಎ ನ್ಯೂ ಟೌನ್’, ಹೊಸ ಊರಿನಲ್ಲಿ ಹೊಸ ಕಸುಬು. ಬೇರೆ ಲೋಕಕ್ಕೆ ಹೊರಟವನ ಸೂಚನೆ ಎಂದು ಒಂದು ಪಕ್ಷ. ಮುಂದಿನ ಆಲ್ಬಮ್ಮಿಗೆ ಹೊರಟವನ ಹುರುಪು ಎಂದು ಇನ್ನೊಂದು ಪಕ್ಷ. ನನ್ನ ಗೆಳೆಯನೂ ನಾನೂ ಈ ಬಗ್ಗೆ ಇನ್ನೂ ವಾದಿಸುತ್ತಿದ್ದೇವೆ.